ಜೀರಂಗಿಯ ಜೂನ್ ಹನ್ನೊಂದು

ಆ ಲ್ಯಾಬಿನಲ್ಲಿ ಏಳು ವರ್ಷಗಳಿಂದ ಜೂನ್ ಹನ್ನೊಂದನೇ ತಾರೀಖೇ ನಡೆಯುತ್ತಿತ್ತು.

ಹೊರಗೆ ನವೆಂಬರ್ ಇರಲಿ, ಮಾರ್ಚ್ ಇರಲಿ, ಕಪ್ಪತ ತಾಂತ್ರಿಕ ವಿಶ್ವವಿದ್ಯಾಲಯದ ಗಣಕ ವಿಭಾಗದ ಮೂರನೇ ಲ್ಯಾಬಿಗೆ ಮುಂಜಾನೆ ಮೊದಲು ಕಾಲಿಟ್ಟವರು ಮಾಡಬೇಕಾದ ಕೆಲಸ ಒಂದೇ. ಹನ್ನೆರಡೂ ಕಂಪ್ಯೂಟರು ಹಚ್ಚುವುದು. ಗಂಟೆ, ನಿಮಿಷ ಇದ್ದ ಹಾಗೇ ಬಿಟ್ಟು, ತಾರೀಖನ್ನು ಮಾತ್ರ ಏಳು ವರ್ಷ ಹಿಂದಿನ ಜೂನ್ ಹನ್ನೊಂದಕ್ಕೆ ತಿರುಗಿಸುವುದು. ಉಪಗ್ರಹದ ಪ್ರೋಗ್ರಾಂ ಕಟ್ಟಲಿಕ್ಕೂ ಅದಕ್ಕೆ ರೇಡಿಯೋ ಆಜ್ಞೆ ಕಳಿಸಲಿಕ್ಕೂ ಬೇಕಾದ ತಂತ್ರಾಂಶವನ್ನು ಆವತ್ತು ಹಾಕಿದ್ದರು. ಅದು ಮೂವತ್ತು ದಿನದ ಉಚಿತ ಪ್ರತಿ. ಪೂರ್ತಿ ಪ್ರತಿ ಕೊಳ್ಳುತ್ತೇವೆಂದು ವಿಭಾಗದವರು ಹೇಳಿದರು. ಹೇಳುತ್ತಲೇ ಇದ್ದರು. ಹಾಗಾಗಿ ಇವತ್ತೇ ನಿನ್ನ ಮೊದಲ ದಿನ ಎಂದು ಆ ತಂತ್ರಾಂಶವನ್ನು ದಿನಾಲೂ ನಂಬಿಸಬೇಕಿತ್ತು. ಯಾವ ಪಠ್ಯಕ್ರಮದಲ್ಲೂ ಇಲ್ಲದ ಈ ಪಾಠವನ್ನು ಹಿರಿಯರು ಕಿರಿಯರಿಗೆ ಮೊದಲ ದಿನವೇ ಕಲಿಸುತ್ತಿದ್ದರು.

"ಲೇ ಯಮನೂರ, ಲ್ಯಾಬಿನ ಲೆಕ್ಕದಾಗ ನಿನಗೀಗ ಎಷ್ಟು ವಯಸ್ಸು?" ಅಂದ ದಾವಲ್, ಕಾಲು ಮೇಜಿನ ಮೇಲೆ ಚಾಚಿ.

"ಹದಿನೈದು. ಇನ್ನೂ ಮೀಸಿ ಬಂದಿಲ್ಲ."

"ಹೊರಗಿನ ಲೆಕ್ಕದಾಗೂ ಬಂದಿಲ್ಲ ಬಿಡು," ಅಂದಳು ನೀಲಾ, ಪರದೆಯಿಂದ ಕಣ್ಣೆತ್ತದೆ.

ಮೂವರೂ ಎಂಸಿಎ ಎರಡನೇ ವರ್ಷದವರು. ಯಮನೂರ ಚುರುಮುರಿ ಪೊಟ್ಟಣವಿಲ್ಲದೆ ಒಂದು ಸಾಲು ಕೋಡ್ ಬರೆಯದವನು. ದಾವಲ್ ನದಾಫ ಹಳೇ ರೇಡಿಯೋ ಬಿಚ್ಚಿ ಜೋಡಿಸುವುದರಲ್ಲೇ ಬೆಳೆದವನು. ನೀಲಾ ಬೆಟಗೇರಿಯ ಪ್ರೆಸ್ ಕೆಲಸದವರ ಮನೆಯ ಹುಡುಗಿ. ಅವಳ ಮನೆಯಲ್ಲಿ ದೀಪಾವಳಿ ಮುಗಿಯುವ ಮೊದಲೇ ಮುಂದಿನ ವರ್ಷದ ಕ್ಯಾಲೆಂಡರಿನ ಶಾಯಿ ವಾಸನೆ ಹೊಡೆಯುತ್ತಿತ್ತು. ಮನೆಯವರು ಒಂದು ವರ್ಷ ಮುಂದೆ, ಲ್ಯಾಬಿನವರು ಏಳು ವರ್ಷ ಹಿಂದೆ. ನಾ ನಡುವ ಬಸ್ಸಿನಾಗ ಮಾತ್ರ ಇವತ್ತಿನ ತಾರೀಖಿನಾಗ ಇರ್ತೀನಿ ಎಂದು ಅವಳೇ ಹೇಳಿಕೊಂಡು ನಗುತ್ತಿದ್ದಳು.

"ಚಂದ್ರನ ಮ್ಯಾಲಿನ ಗಣಿ ಕಂಪನಿಯವರು ಆಪರೇಟರ್ ಬೇಕಂತ ಹಾಕ್ಯಾರ ನೋಡಲೇ," ಅಂದ ದಾವಲ್. "ಇಲ್ಲೇ ಕುಂತು ಅಲ್ಲಿನ ಯಂತ್ರ ಓಡಸೂದಲ್ಲ. ಅಲ್ಲೇ ಹೋಗೂದು."

"ಅಲ್ಲಿ ಒಂದು ಹಗಲು ಅಂದ್ರ ನಮ್ಮ ಹದಿನಾಕು ದಿನ. ಮುಂಜಾನೆ ನಾಷ್ಟಾ ಮಾಡಿ ಮಧ್ಯಾಹ್ನದ ಊಟಕ್ಕ ಒಂದು ವಾರ ಕಾಯಬೇಕು. ನಾ ಒಲ್ಲೆ," ಅಂದ ಯಮನೂರ.

"ನಿನ್ನ ತೂಕ ಆರನೇ ಒಂದು ಪಾಲು ಆಗತೈತಿ ಅಲ್ಲಿ."

"ಹಸಿವೂ ಆರನೇ ಒಂದು ಪಾಲು ಆಗತೈತೇನು? ಕೇಳು ನಿನ್ನ ಕೃತಕ ಬುದ್ಧಿನ."

"ಅದಕ್ಕೇನ್ ಗೊತ್ತಲೇ ಹಸಿವಿಂದು? ಅದು ಕರೆಂಟ್ ತಿಂದು ಬೆಳದೈತಿ."

"ಮಂಗಳದಾಗಾದ್ರ ಹಗಲು ನಮ್ಮಷ್ಟ ಐತಿ," ಅಂದಳು ನೀಲಾ. "ನಲವತ್ತು ನಿಮಿಷ ಹೆಚ್ಚು."

"ಹಂಗಾದ್ರ ಅಲ್ಲಿ ಇನ್ನೊಂದು ಚಹಾಕ್ಕ ವೇಳೆ ಸಿಗತೈತಿ. ನಾ ಮಂಗಳಕ್ಕ ಹೊಂಟೆ," ಅಂದ ಯಮನೂರ.

ನಗು ನಿಂತಿತು. ಮಂಗಳವಾರ ಮಧ್ಯಾಹ್ನ. ಗುರುವಾರ ನಾಲ್ಕು ಗಂಟೆಗೆ ಜೀರಂಗಿಯ ಆಯುಷ್ಯ ಮುಗಿಯುವುದಿತ್ತು.

ಜೀರಂಗಿ ಎಂದರೆ ಇದೇ ವಿಭಾಗದವರು ಎರಡು ವರ್ಷದ ಹಿಂದೆ ಹಾರಿಸಿದ, ಚಪ್ಪಲಿ ಡಬ್ಬಿಯಷ್ಟು ದೊಡ್ಡ ಉಪಗ್ರಹ. ಮೈಯೆಲ್ಲ ಹಸಿರು ಮಿಂಚಿನ ಸೌರಫಲಕ, ಅದಕ್ಕೇ ಆ ಹುಳದ ಹೆಸರು. ಟವರ್ ಸಿಗದ ಕಡೆ ಅಲೆಯುವ ಕುರಿಗಾರರು ಒಂದೊಂದು ಸಾಲಿನ ಸಂದೇಶ ಕಳಿಸಿದರೆ ಅದನ್ನು ಹೊತ್ತೊಯ್ದು ಮನೆಗೆ ಮುಟ್ಟಿಸುವುದು ಅದರ ಕೆಲಸ. ಒಂದು ವರ್ಷ ಚೆನ್ನಾಗಿ ದುಡಿಯಿತು. ಹನ್ನೊಂದು ತಿಂಗಳ ಹಿಂದೆ ಒಂದು ದಿನ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿತು.

ಆಕಾಶದಲ್ಲಿ ಜಾಗ ಸಾಲದ ಕಾಲವಿದು. ತಲೆಯ ಮೇಲೆ ಲಕ್ಷಗಟ್ಟಲೆ ಉಪಗ್ರಹ ಸುತ್ತುತ್ತಿರುವಾಗ ಸತ್ತದ್ದನ್ನು ಅಲ್ಲೇ ಬಿಡುವಂತಿಲ್ಲ. ಮುನ್ನೂರು ದಿನ ಉತ್ತರ ಕೊಡದ್ದನ್ನು ಕಕ್ಷಾ ಸ್ವಚ್ಛತಾ ಪ್ರಾಧಿಕಾರದ ನೌಕೆ ಬಂದು ಹಿಡಿದು, ಗಾಳಿಯ ಪದರಕ್ಕೆ ತಳ್ಳಿ ಸುಡುತ್ತದೆ. ಹುಡುಗರು ಅದನ್ನು ಕಸದ ಗಾಡಿ ಎನ್ನುತ್ತಿದ್ದರು. ಸೋಮವಾರವೇ ಪ್ರಾಧಿಕಾರದವರು ಬಂದು ಪಕ್ಕದ ನಿಯಂತ್ರಣ ಕೊಠಡಿಗೆ ಸೀಲು ಹಾಕಿ ಹೋಗಿದ್ದರು. ನಿಮಿಷ ನಿಮಿಷಕ್ಕೂ ತಾನೇ ಸಮಯ ಸರಿಪಡಿಸಿಕೊಳ್ಳುವ, ಸರಿಯಾದ ತಾರೀಖಿನ ಅಧಿಕೃತ ಕಂಪ್ಯೂಟರ್ ಅದರೊಳಗೆ ಕುಳಿತಿತ್ತು. ಹನ್ನೊಂದು ತಿಂಗಳು ಜೀರಂಗಿಯನ್ನು ಕರೆದು ಕರೆದು ಸೋತದ್ದು ಅದೇ.

"ಎರಡು ಐವತ್ತಕ್ಕ ನೆತ್ತಿ ಮ್ಯಾಲ ಬರತೈತಿ," ಅಂದ ದಾವಲ್. "ಹೋಗೂ ಮುಂದ ಒಮ್ಮೆ ಕರದು ಬಿಡೂಣು. ಸತ್ತವರನ್ನೂ ಹೆಸರು ಹಿಡದು ಕರೀತಾರಲ್ಲ."

"ಯಾವುದರಿಂದ ಕರೀತಿ? ಕೋಣಿಗೆ ಸೀಲ್ ಐತಿ," ಅಂದಳು ನೀಲಾ.

"ಇದರಿಂದ. ಮಾಳಗಿ ಮ್ಯಾಲ ಹಳೇ ಆಂಟೆನಾ ಐತಲ್ಲ. ಯಮನೂರ ಕೈಲೆ ತಿರಗಸ್ತಾನ."

ಯಮನೂರ ಪೊಟ್ಟಣ ಹಿಡಿದೇ ಮಾಳಿಗೆ ಹತ್ತಿದ. ದಾವಲ್ ಅಭ್ಯಾಸದ ಕಂಪ್ಯೂಟರಿನಲ್ಲಿ ಕರೆಯುವ ಆಜ್ಞೆ ಬರೆದು, ಎರಡು ಐವತ್ತಕ್ಕೆ ಗುಂಡಿ ಒತ್ತಿದ. ಪರದೆಯ ಮೂಲೆಯಲ್ಲಿ ಎಂದಿನಂತೆ ಜೂನ್ ಹನ್ನೊಂದು.

ನಾಲ್ಕು ಸೆಕೆಂಡು ಕಳೆದವು. ಪರದೆಯ ಮೇಲೆ ಒಂದು ಸಾಲು ಮೂಡಿತು.

ಅದೀನಿ 4938

ದಾವಲ್ ಕಾಲು ಕೆಳಗಿಳಿಸಿದ. ನೀಲಾ ಎದ್ದು ನಿಂತಳು. ಜಗತ್ತಿನ ಬೇರೆ ಯಾವ ಉಪಗ್ರಹವೂ 'ಅದೀನಿ' ಎನ್ನುವುದಿಲ್ಲ. ಆ ಮಾತನ್ನು ಅದರ ಬಾಯಲ್ಲಿ ಇಟ್ಟವನು ಅವಳ ಅಣ್ಣ.

*

ವಿಭಾಗದ ಮುಖ್ಯಸ್ಥ ಡಾ. ಕುಂದರಗಿಯವರ ಕೋಣೆಯಲ್ಲಿ ಗೋಡೆಯ ತುಂಬ ಪ್ರಮಾಣಪತ್ರಗಳು. ಎದುರಿನ ಪರದೆಯಲ್ಲಿ ಪ್ರಾಧಿಕಾರದ ವೀಕ್ಷಣಾಧಿಕಾರಿ ದೇಚಮ್ಮ. ಅವರ ಹಿಂದೆ ಬೆಂಗಳೂರಿನ ದೊಡ್ಡ ನಿಯಂತ್ರಣ ಕೇಂದ್ರ, ಸಾಲು ಸಾಲು ಗಡಿಯಾರ.

"ಉತ್ತರ ಬಂದ ದಾಖಲೆ ನೋಡ್ತಾ ಇದೀನಿ," ಅಂದರು ದೇಚಮ್ಮ. "ಇದರಲ್ಲಿರೋ ತಾರೀಖು ಏಳು ವರ್ಷ ಹಿಂದಿಂದು. ಆಗ ನಿಮ್ಮ ಉಪಗ್ರಹ ಹುಟ್ಟಿರಲೇ ಇಲ್ಲವಲ್ಲಮ್ಮ."

ಅವರ ಹಿಂದೆ ಕುಳಿತವರು ಯಾರೋ ನಕ್ಕರು.

ನೀಲಾ ಬಾಯಿ ತೆರೆದಳು. ತಾರೀಖು ಯಾಕೆ ಹಾಗಿದೆ ಎಂದು ಹೇಳಿದರೆ ಉಳಿದದ್ದನ್ನೂ ಹೇಳಬೇಕು: ಏಳು ವರ್ಷದಿಂದ ಲ್ಯಾಬು ನಡೆಯುತ್ತಿರುವುದು ಕೊಳ್ಳದ ತಂತ್ರಾಂಶದ ಮೇಲೆ. ಕುಂದರಗಿ ಅವಳತ್ತ ಒಮ್ಮೆ ನೋಡಿದರು. ಆ ನೋಟದಲ್ಲಿ ಪರೀಕ್ಷೆ, ಅಂಕಪಟ್ಟಿ, ಲ್ಯಾಬಿನ ಬಾಗಿಲು, ಎಲ್ಲದರ ಬೀಗದ ಕೈ ಇತ್ತು.

"ಹುಡುಗ್ರು ಹುಡುಗಾಟ ಮಾಡ್ಯಾರ, ಮೇಡಂ," ಅಂದರು ಅವರು. "ಹಳೇ ಪರೀಕ್ಷೆಯ ಫೈಲು ತಗದು ತೋರಿಸ್ಯಾರ."

ನೀಲಾ ಬಾಯಿ ಮುಚ್ಚಿದಳು. ಓದಿ ಮುಂದೆ ಬರಬೇಕೆಂದವರು ಬಾಯಿ ಮುಚ್ಚುವುದನ್ನು ಮೊದಲು ಕಲಿಯುತ್ತಾರೆ. ಆ ವಿಷಯದಲ್ಲಿ ಯಾರೂ ನಪಾಸಾಗುವುದಿಲ್ಲ.

"ನನ್ನ ನಿಯಮ ಸರಳ," ಅಂದರು ದೇಚಮ್ಮ. ನಕ್ಕವರ ಕಡೆ ಅವರು ತಿರುಗಿ ನೋಡಿದ್ದರು, ತಾವು ನಕ್ಕಿರಲಿಲ್ಲ. "ಗುರುವಾರ ನಾನೇ ಅಲ್ಲಿಗೆ ಬರ್ತೀನಿ, ಕಾಗದಕ್ಕೆ ಸಹಿ ಹಾಕಿಸೋಕೆ. ನಾಲ್ಕು ಗಂಟೆ ಒಳಗೆ ನನ್ನ ಕಣ್ಣೆದುರು ಒಂದೇ ಒಂದು ಸಲ ಅದು ಉತ್ತರ ಕೊಡಲಿ. ನೌಕೆ ನಿಲ್ಲಿಸ್ತೀನಿ."

ಬುಧವಾರ ಜೀರಂಗಿ ನೆತ್ತಿಗೆ ಬಂದದ್ದು ಎರಡು ಹದಿನಾಲ್ಕಕ್ಕೆ. ಅದೇ ಕಂಪ್ಯೂಟರ್, ಅದೇ ಆಜ್ಞೆ, ಅದೇ ಆಂಟೆನಾ. ಯಮನೂರನ ಪೊಟ್ಟಣವೂ ಅದೇ ಅಂಗಡಿಯದು. ಹತ್ತು ನಿಮಿಷ ಕರೆದರು. ಸದ್ದಿಲ್ಲ.

"ನಿನ್ನೆ ದೆವ್ವ ಉತ್ತರ ಕೊಟ್ಟಿತೇನು ಹಂಗಾದ್ರ?" ಅಂದ ಯಮನೂರ, ಮಾಳಿಗೆಯಿಂದ ಇಳಿದು ಬಂದು.

"ದೆವ್ವ ನಂಬರ್ ಹೇಳಂಗಿಲ್ಲ," ಅಂದಳು ನೀಲಾ. "4938 ಅಂದ್ರ ಏನು? ಅದನ್ನ ಬಲ್ಲಾಂವ ಒಬ್ಬನ ಅದಾನ."

"ಅಂವ ನಮ್ಮನ್ನ ಒಳಗ ಬಿಟ್ಟುಕೊಳ್ಳಬೇಕಲ್ಲ," ಅಂದ ದಾವಲ್.

*

ಬೆಟಗೇರಿಯ ಆ ಪ್ರೆಸ್ಸಿನಲ್ಲಿ ಸಂಜೆ ಐದರ ಪಾಳಿ. ಎರಡು ಯಂತ್ರಗಳು ಮುಂದಿನ ವರ್ಷದ ಏಪ್ರಿಲ್ ತಿಂಗಳನ್ನು ಉಗುಳುತ್ತಿದ್ದವು. ಫಕೀರೇಶ ಯಂತ್ರದ ಬಾಯಿಗೆ ನಿಂತಿದ್ದ, ಮೊಣಕೈವರೆಗೆ ಶಾಯಿ, ವಯಸ್ಸು ಇಪ್ಪತ್ತಾರು. ನೀಲಾಳ ತಾಯಿ ಶಂಕ್ರವ್ವ ಅದೇ ಪ್ರೆಸ್ಸಿನ ಮೂಲೆಯಲ್ಲಿ ಹಾಳೆ ಮಡಿಚುವ ಕೆಲಸದಲ್ಲಿದ್ದಳು.

ತಂದೆ ತೀರಿಕೊಂಡಾಗ ಫಕೀರೇಶ ಒಂಬತ್ತನೇ ಇಯತ್ತೆ ಬಿಟ್ಟು ಇದೇ ಯಂತ್ರಕ್ಕೆ ನಿಂತ. ಪೋಸ್ಟರು ಹೊತ್ತುಕೊಂಡು ವಿಶ್ವವಿದ್ಯಾಲಯಕ್ಕೆ ಹೋಗಿ ಬಂದು ಮಾಡುತ್ತ ಮೂರನೇ ಲ್ಯಾಬಿನ ಖಾಲಿ ಕುರ್ಚಿಯಲ್ಲಿ ಕುಳಿತು ಕೋಡ್ ಕಲಿತ. ಎಷ್ಟು ಕಲಿತನೆಂದರೆ, ಜೀರಂಗಿ ಯಾವಾಗ ಮಲಗಬೇಕು, ಯಾವಾಗ ಏಳಬೇಕು, ಯಾರ ಮಾತು ಕೇಳಬೇಕು ಎಂಬ ಪ್ರೋಗ್ರಾಮನ್ನು ಎಂಸಿಎದವರು ಬರೆದು ಬರೆದು ಕೈಬಿಟ್ಟಾಗ ಅವನು ಬರೆದುಕೊಟ್ಟ. ಆಗ ಎಲ್ಲರೂ ಅವನ ಬೆನ್ನು ತಟ್ಟಿದರು. ಜೀರಂಗಿ ಮೂಕವಾದ ದಿನ ಅದೇ ಕೈಗಳು ವರದಿ ಬರೆದವು. 'ವೈಫಲ್ಯಕ್ಕೆ ಕಾರಣ: ವಿದ್ಯಾರ್ಹತೆಯಿಲ್ಲದ ವ್ಯಕ್ತಿ ಬರೆದ ಪ್ರೋಗ್ರಾಂ.' ಕೆಳಗೆ ಮೂರು ಸಹಿ, ಮೂರು ಡಾಕ್ಟರೇಟು. ಅವತ್ತಿನಿಂದ ಅವನು ಗೇಟಿನ ಹೊರಗೆ. ಅವನು ಮತ್ತೆ ಕೀಲಿಮಣೆ ಮುಟ್ಟಲಿಲ್ಲ.

"ಬಂದ್ರೇನು ಸಾಹೇಬ್ರು," ಅಂದ ಫಕೀರೇಶ, ಮೂವರನ್ನೂ ನೋಡಿ. "ಏನು, ಕಸದ ಗಾಡಿ ಬಂದಿಲ್ಲೇನು ಇನ್ನ?"

"ಅಣ್ಣಾ, ಅದು ಮಾತಾಡಿತು."

"ನನ್ನ ಮುಂದ ಅದರ ಸುದ್ದಿ ತಗೀಬ್ಯಾಡ ಅಂದೀನಿ."

"ನಿನ್ನೆ ಮಧ್ಯಾಹ್ನ ಅದೀನಿ ಅಂತು. ಇವತ್ತ ಕರದರ ಮಾತಿಲ್ಲ."

"ಸುಳ್ಳು. ನಿಮ್ಮ ಕುಂದರಗಿ ಬರದಾನಲ್ಲ, ನಾ ಬರದ ಪ್ರೋಗ್ರಾಂಗ ಸತ್ತೈತಿ ಅಂತ. ಡಾಕ್ಟರ್ ಹೇಳಿದ ಮ್ಯಾಲ ಹೆಣ ಏಳಬಾರದು."

"ಅದೀನಿ 4938 ಅಂತು," ಅಂದಳು ನೀಲಾ.

ಫಕೀರೇಶನ ಕೈ ಯಂತ್ರದ ಗುಂಡಿಗೆ ಹೋಯಿತು. ಏಪ್ರಿಲ್ ತಿಂಗಳು ಅರ್ಧಕ್ಕೆ ನಿಂತಿತು. ಪಕ್ಕದ ಯಂತ್ರದವನು ಕತ್ತೆತ್ತಿ ನೋಡಿದ. ಪಾಳಿಯ ನಡುವೆ ಫಕೀರೇಶ ಯಂತ್ರ ನಿಲ್ಲಿಸಿದ್ದನ್ನು ಅವನು ಕಂಡಿರಲಿಲ್ಲ.

"ಎಷ್ಟಂದಿ?"

"ನಾಕು ಸಾವಿರದ ಒಂಬೈನೂರ ಮೂವತ್ತೆಂಟು."

ಅವನು ಶಾಯಿಯ ಬೆರಳಿಂದ ಗಾಳಿಯಲ್ಲೇ ಭಾಗಿಸಿದ. "ದಿನಕ್ಕ ಹದಿನೈದು ಸುತ್ತು. ಮುನ್ನೂರ ಇಪ್ಪತ್ತೊಂಬತ್ತು ದಿನ. ಹನ್ನೊಂದು ತಿಂಗಳು." ಬೆರಳು ಅಂಗಿಗೆ ಒರೆಸಿಕೊಂಡ. ಆಮೇಲೆ ಅಂದ, "ಅದು ಎದ್ದ ಲೆಕ್ಕ, ತಂಗಿ. ಪೂರಾ ಆರಿ ಹೋಗಿ ಮತ್ತ ಎದ್ದರ ಒಂದು ಗೀಟು ಹಾಕ್ಕೋ ಅಂತ ನಾನ ಬರದಿದ್ದೆ."

"ಅಂದ್ರ ಬ್ಯಾಟರಿ ಹೋಗೇತಿ," ಅಂದ ದಾವಲ್ ನಿಧಾನಕ್ಕೆ.

"ಬ್ಯಾಟರಿ ಅವತ್ತ ಹೋತು. ಆ ಬ್ಯಾಟರಿ ಯಾರು ಖರೀದಿ ಮಾಡಿದ್ರು ಅಂತ ವರದಿಯೊಳಗ ಇಲ್ಲ ನೋಡು." ಅವನು ನಕ್ಕ, ಆ ನಗುವಿನಲ್ಲಿ ನಗು ಇರಲಿಲ್ಲ. "ಭೂಮಿ ನೆರಳಿಗೆ ಹೋದ ಕೂಡಲೇ ಸಾಯತೈತಿ. ಬಿಸಿಲಿಗೆ ಬಂದ ಕೂಡಲೇ ಏಳತೈತಿ. ತಾಸಿಗಿಂತ ಹೆಚ್ಚು ಬದುಕಂಗಿಲ್ಲ. ಆದರ ಐದು ಸಾವಿರ ಸಲ ಎದ್ದೈತಿ."

"ಹಂಗಾದ್ರ ಇಷ್ಟು ದಿನ ಯಾಕ ಮಾತಾಡಲಿಲ್ಲ?"

ಶಂಕ್ರವ್ವ ಹಾಳೆ ಮಡಿಚುತ್ತಲೇ ಕೇಳುತ್ತಿದ್ದಳು. "ಎದ್ದ ಕೂಡಲೇ ಅದಕ್ಕ ಇವತ್ತು ಯಾವ ದಿನ ಅಂತ ತಿಳೀತೈತೇನಪಾ?" ಅಂದಳು. "ಜ್ವರದಾಗ ಮಲಗಿ ಎದ್ದಾಗ ನನಗ ತಿಳೀತಿರಲಿಲ್ಲ. ಮಲಗಿದ ದಿನಾನ ಅಂದ್ಕೋತಿದ್ದೆ."

ಫಕೀರೇಶ ತಾಯಿಯ ಮುಖ ನೋಡಿದ. ಮೂವರು ಎಂಸಿಎ ವಿದ್ಯಾರ್ಥಿಗಳೂ ನೋಡಿದರು.

ವಿಷಯ ಇಷ್ಟೇ. ಕಳ್ಳರು ಹಳೇ ಆಜ್ಞೆ ಕದ್ದು ಮತ್ತೆ ಕಳಿಸಬಾರದೆಂದು ಪ್ರತಿ ಆಜ್ಞೆಯ ಜೊತೆ ಸಮಯ ಹೋಗಬೇಕು ಎಂಬುದು ಪ್ರಾಧಿಕಾರದ ನಿಯಮ. ಆಜ್ಞೆಯ ಸಮಯಕ್ಕೂ ಉಪಗ್ರಹದ ಗಡಿಯಾರಕ್ಕೂ ಹತ್ತು ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಉಪಗ್ರಹ ಉತ್ತರ ಕೊಡಕೂಡದು. ಜೀರಂಗಿಗೆ ಸರಿಯಾದ ಸಮಯವನ್ನು ಹಾರುವ ಮುನ್ನ ತಂತಿಯಲ್ಲಿ ತುಂಬಿದ್ದರು. ಬ್ಯಾಟರಿ ಸತ್ತಾಗ ಅದೂ ಅಳಿಸಿಹೋಯಿತು. ಬರೆದಿಟ್ಟದ್ದೆಲ್ಲ ಉಳಿಯಿತು, ಗಡಿಯಾರ ಮಾತ್ರ ಹೋಯಿತು. ಎದ್ದ ಉಪಗ್ರಹ ಹೊಸದಾಗಿ ಎಣಿಸಲು ಶುರುಮಾಡುವುದು ತನ್ನ ಪ್ರೋಗ್ರಾಂ ಕಟ್ಟಿದ ಕ್ಷಣದಿಂದ. ಪ್ರೋಗ್ರಾಂ ಕಟ್ಟಿದ ಕ್ಷಣ ಯಾವುದೆಂದು ಹೇಳಿದ್ದು, ಅದನ್ನು ಕಟ್ಟಿದ ಕಂಪ್ಯೂಟರ್.

"ಮೂರನೇ ಲ್ಯಾಬು," ಅಂದಳು ನೀಲಾ. ಅವಳ ದನಿ ತಾನಾಗಿ ಇಳಿದಿತ್ತು. "ಜೂನ್ ಹನ್ನೊಂದು. ಅದು ಎದ್ದಾಗೊಮ್ಮೆ ಜೂನ್ ಹನ್ನೊಂದು."

"ದೊಡ್ಡ ಕೋಣ್ಯಾಗಿಂದ ಖರೇ ತಾರೀಖು ಹಾಕಿ ಕರೀತಿದ್ರು," ಅಂದ ದಾವಲ್. "ಅದಕ್ಕ ಅದು ಏಳು ವರ್ಷ ಮುಂದಿನ ಮಾತು. ಯಾರೋ ಕಳ್ಳ ಅಂತ ಸುಮ್ಮನ ಕುಂತೈತಿ. ನಿನ್ನೆ ನಾವು ಸುಳ್ಳ ತಾರೀಖಿಲೆ ಕರದಿವಿ, ನಮ್ಮವರು ಬಂದ್ರು ಅಂತ ಮಾತಾಡಿತು."

"ಇವತ್ತೂ ಸುಳ್ಳ ತಾರೀಖಿಲೇನ ಕರದಿವಲ್ಲ?" ಅಂದ ಯಮನೂರ.

"ತಾರೀಖು ಹೊಂದಿತು, ನಿಮಿಷ ಹೊಂದಲಿಲ್ಲ," ಅಂದ ಫಕೀರೇಶ. "ನೆರಳಿನಿಂದ ಹೊರಬಿದ್ದು ನಿಮ್ಮ ನೆತ್ತಿಗೆ ಬರಾಕ ಅದಕ್ಕ ಇಪ್ಪತ್ಮೂರು ನಿಮಿಷ ಬೇಕು. ಕಟ್ಟಿದ ವೇಳ್ಯಾಕ್ಕ ಇಪ್ಪತ್ಮೂರು ಕೂಡಸ್ರಿ. ಇಲ್ಲಿ ಎಷ್ಟರ ಆಗಿರಲಿ, ಅಲ್ಲಿ ಯಾವಾಗಲೂ ಅಷ್ಟ."

"ಕಟ್ಟಿದ ವೇಳ್ಯಾ ಯಾವುದು? ಆ ಕಂಪ್ಯೂಟರಿನ ಡಿಸ್ಕ್ ಅಳಿಸಿ ಹಾಕ್ಯಾರ," ಅಂದ ದಾವಲ್.

ಫಕೀರೇಶ ಗೋಡೆಯ ಗೂಡಿನಿಂದ ಮಾಸಿದ ಒಂದು ಪುಸ್ತಕ ತೆಗೆದ. ಅದೇ ವರದಿ. ಹನ್ನೊಂದು ತಿಂಗಳು ಅವನು ಅದನ್ನು ದಿನಾ ಓದಿದ್ದ. ಕೆಲವರು ದೇವರ ಹೆಸರು ಓದುತ್ತಾರೆ, ಅವನು ತನ್ನ ಅವಮಾನ ಓದುತ್ತಿದ್ದ. ತೆರೆಯುವ ಮೊದಲೇ ಬಾಯಿಪಾಠ ಹೇಳಿದ:

"ಅನುಬಂಧ ನಾಕು. 'ಸದರಿ ವ್ಯಕ್ತಿಗೆ ತಾರೀಖು ಬರೆಯುವಷ್ಟು ಜಾಗ್ರತೆಯೂ ಇಲ್ಲ ಎಂಬುದಕ್ಕೆ ಈ ಹಾಳೆಯೇ ಸಾಕ್ಷಿ.'"

ಪ್ರೆಸ್ಸಿನಲ್ಲಿ ಒಂದು ಪದ್ಧತಿಯಿದೆ. ಯಂತ್ರದಿಂದ ಮೊದಲ ಒಳ್ಳೇ ಹಾಳೆ ಬಂದಾಗ ಮುದ್ರಕ ಅದರ ಮೇಲೆ 'ಓಡಲಿ' ಎಂದು ಬರೆದು, ತಾರೀಖು, ಗಂಟೆ, ನಿಮಿಷ ಹಾಕಿ ಸಹಿ ಮಾಡುತ್ತಾನೆ. ಅಲ್ಲಿಂದ ಮುಂದೆ ತಪ್ಪಾದರೆ ಹೊಣೆ ಅವನದು. ಫಕೀರೇಶ ಬೇರೆ ಪದ್ಧತಿ ಅರಿಯದವನು. ಪ್ರೋಗ್ರಾಂ ಕಟ್ಟಿ ಮುಗಿದಾಗ ಅದರ ಮೊದಲ ಪುಟ ಮುದ್ರಿಸಿ ಹಾಗೇ ಬರೆದಿದ್ದ. ಆಗ ಜನವರಿ. ಪರದೆಯ ಮೇಲಿದ್ದ ತಾರೀಖನ್ನೇ ನೋಡಿ ಬರೆದಿದ್ದ. ಸಮಿತಿ ಅದನ್ನೇ ಹಿಡಿದುಕೊಂಡು ಅವನ ಮಾನ ಕಳೆಯಿತು, ಮತ್ತು ಮಾನ ಕಳೆಯುವ ಅವಸರದಲ್ಲಿ ಆ ಹಾಳೆಯನ್ನು ಜೋಪಾನವಾಗಿ ಅಚ್ಚುಹಾಕಿಸಿ ಇಟ್ಟಿತು.

ಓಡಲಿ. ಜೂನ್ 11, ಮಧ್ಯಾಹ್ನ 2:26. ಫಕೀರೇಶ.

"ಎರಡು ಇಪ್ಪತ್ತಾರಕ್ಕ ಇಪ್ಪತ್ಮೂರು," ಅಂದಳು ನೀಲಾ. "ಎರಡು ನಲವತ್ತೊಂಬತ್ತು. ನಿನ್ನೆ ನಾವು ಕರದದ್ದು ಎರಡು ಐವತ್ತಕ್ಕ."

ಫಕೀರೇಶ ಯಂತ್ರ ಮತ್ತೆ ಹಚ್ಚಿದ. "ಹೋಗ್ರಿ ಇನ್ನ. ಗೊತ್ತಾತಲ್ಲ."

"ನೀನೂ ಬಾ."

"ಗೇಟಿನಾಗ ನನ್ನ ಫೋಟೋ ಹಚ್ಯಾರ, ಬಿಡಬ್ಯಾಡ್ರಿ ಅಂತ. ನಾ ಯಾಕ ಬರಲಿ?"

"ಹೊಣೆ ಯಾರದು?" ಅಂದಳು ನೀಲಾ, ಹಾಳೆಯ ಮೇಲಿನ ಸಹಿಗೆ ಬೆರಳಿಟ್ಟು.

ಅವನು ಯಂತ್ರದ ಬಾಯಿಗೆ ತಿರುಗಿ ನಿಂತ. ಏಪ್ರಿಲ್ ತಿಂಗಳು ಮತ್ತೆ ಬೀಳತೊಡಗಿತು.

*

ಗುರುವಾರ ಮೂರು ಗಂಟೆಗೆ ನಿಯಂತ್ರಣ ಕೊಠಡಿಯ ಸೀಲು ಒಡೆದು ದೇಚಮ್ಮ ಒಳಗೆ ಕುಳಿತಿದ್ದರು. ಗೋಡೆಯ ಪರದೆಯಲ್ಲಿ ಸ್ವಚ್ಛತಾ ನೌಕೆಯ ಕ್ಯಾಮೆರಾ. ಕಪ್ಪಿನ ನಡುವೆ ಹಸಿರು ಚುಕ್ಕಿಯೊಂದು ನಿಧಾನಕ್ಕೆ ಬೆಳೆಯುತ್ತಿತ್ತು. ಅದು ಜೀರಂಗಿ. ನೌಕೆಯ ಎರಡು ಕೈಗಳು ಆಗಲೇ ತೆರೆದುಕೊಂಡಿದ್ದವು. ಕುಂದರಗಿ ಪೆನ್ನು ಹಿಡಿದು ನಿಂತಿದ್ದರು.

"ಮೂರು ಇಪ್ಪತ್ತೆರಡಕ್ಕ ನೆತ್ತಿಗೆ ಬರತೈತಿ," ಅಂದಳು ನೀಲಾ. "ಕರೀತೀವಿ. ಆದರ ಈ ಕಂಪ್ಯೂಟರಿನಿಂದಲ್ಲ, ಮೇಡಂ. ಲ್ಯಾಬಿಂದು ತಂದೀವಿ."

"ಯಾಕೆ? ಇದು ಚೆನ್ನಾಗೇ ಇದೆಯಲ್ಲ."

"ಇದು ಸರಿ ತಾರೀಖು ಬಿಟ್ಟು ಬ್ಯಾರೆ ಹಾಕಾಕ ಒಪ್ಪಂಗಿಲ್ಲರಿ."

ಕುಂದರಗಿ ಮುಂದೆ ಬಂದರು. "ನೀಲಾಂಬಿಕಾ, ಸಾಕು. ಮೇಡಂ ಅವರ ವೇಳೆ ಹಾಳು ಮಾಡಬ್ಯಾಡ."

ಮಂಗಳವಾರ ಮುಚ್ಚಿದ ಬಾಯಿ ಅದು. ನೀಲಾ ಈ ಸಲ ಅವರತ್ತ ನೋಡಲಿಲ್ಲ, ದೇಚಮ್ಮನವರನ್ನೇ ನೋಡಿದಳು. ಒಂದೇ ಉಸಿರಿಗೆ ಹೇಳಿದಳು: ಕೊಳ್ಳದ ತಂತ್ರಾಂಶ, ಏಳು ವರ್ಷದ ಸುಳ್ಳು ತಾರೀಖು, ದಿನಾ ಮುಂಜಾನೆ ತಿರುಗಿಸಿದವರಲ್ಲಿ ತಾನೂ ಒಬ್ಬಳು ಎಂಬುದು, ಸತ್ತ ಬ್ಯಾಟರಿ, ನೆರಳು, ಬಿಸಿಲು. "ಇದಕ್ಕ ನನಗ ಏನ್ ಶಿಕ್ಷೆ ಕೊಡ್ತೀರೋ ಕೊಡ್ರಿ. ನಾಕರ ಮ್ಯಾಲ ಕೊಡ್ರಿ. ಅಲ್ಲಿತನ ನಮಗ ಆಂಟೆನಾ ಬೇಕು."

"ನಾನೂ ತಿರಗಿಸೀನ್ರಿ," ಅಂದ ದಾವಲ್.

"ನಾನೂ," ಅಂದ ಯಮನೂರ. "ದಿನಾ ಮೊದಲ ಬರಾಂವ ನಾನ. ಕ್ಯಾಂಟೀನ್ ಲಗೂನ ತೆರೀತಾರ."

ದೇಚಮ್ಮ ಗೋಡೆಯ ಗಡಿಯಾರ ನೋಡಿದರು. "ಜೋಡಿಸಿ," ಅಂದರು. ಯಮನೂರ ಆಂಟೆನಾ ತಿರುಗಿಸಲು ಮಾಳಿಗೆಗೆ ಓಡಿದ.

ಆಗ ಬಾಗಿಲಲ್ಲಿ ಗದ್ದಲ. ಕಾವಲುಗಾರ ಒಬ್ಬನ ತೋಳು ಹಿಡಿದಿದ್ದ. ಫಕೀರೇಶ ಶಾಯಿಯ ಅಂಗಿಯಲ್ಲೇ ಬಂದಿದ್ದ, ಕಂಕುಳಲ್ಲಿ ವರದಿ. ಗೇಟಿನಲ್ಲಿ ಅವನನ್ನು ತಡೆದಿದ್ದರು, ಅವನು ನಿಂತಿರಲಿಲ್ಲ.

"ಇವನನ್ನ ಯಾರು ಬಿಟ್ಟರು?" ಅಂದರು ಕುಂದರಗಿ.

"ಯಾರೂ ಬಿಟ್ಟಿಲ್ಲ," ಅಂದ ಫಕೀರೇಶ. "ಬಂದೀನಿ."

"ಇವರು ಯಾರು?" ಅಂದರು ದೇಚಮ್ಮ.

"ನಿಮ್ಮ ಕಡತದಾಗ ಹೆಸರಿಲ್ಲರಿ. ವಿದ್ಯಾರ್ಹತೆಯಿಲ್ಲದ ವ್ಯಕ್ತಿ ಅಂತ ಐತಲ್ಲ, ಅದು ನಾನು."

ಗಡಿಯಾರ ಮೂರು ಇಪ್ಪತ್ತು ತೋರಿಸುತ್ತಿತ್ತು. ದೇಚಮ್ಮ ಕಾವಲುಗಾರನಿಗೆ ಕೈಸನ್ನೆ ಮಾಡಿದರು. ಅವನು ತೋಳು ಬಿಟ್ಟ.

ನೀಲಾ ಕುರ್ಚಿಯಿಂದ ಎದ್ದಳು. ಫಕೀರೇಶ ಅದರಲ್ಲಿ ಕುಳಿತ. ಹನ್ನೊಂದು ತಿಂಗಳ ಮೇಲೆ ಕೀಲಿಮಣೆಯ ಮೇಲೆ ಬೆರಳಿಟ್ಟ. ಬಿಳಿ ಗುಂಡಿಗಳ ಮೇಲೆ ಶಾಯಿಯ ಗುರುತುಗಳು ಬಿದ್ದವು. ತಾರೀಖು: ಜೂನ್ 11. ವೇಳೆ: 2:49. ಪರದೆಯಲ್ಲಿ ಹಸಿರು ಚುಕ್ಕಿ ಈಗ ಡಬ್ಬಿಯಾಗಿ ಕಾಣುತ್ತಿತ್ತು, ಅದರ ಎರಡೂ ಬದಿಗೆ ನೌಕೆಯ ಕೈ.

"ನೆತ್ತಿಗೆ ಬಂತು," ಅಂದ ದಾವಲ್.

ಫಕೀರೇಶ ಒತ್ತಿದ. ನಾಲ್ಕು ಸೆಕೆಂಡು. ಐದು. ಆರು.

"ಇಲ್ಲ," ಅಂದರು ಕುಂದರಗಿ.

"ನವೆಂಬರಿನಾಗ ಬಿಸಿಲು ಓರೆ ಬೀಳತೈತಿ," ಅಂದ ಫಕೀರೇಶ, ತನಗೇ ಹೇಳಿಕೊಳ್ಳುವಂತೆ. "ಮಂಗಳವಾರ ಅಂಚಿನಾಗ ಹೊಂದಿರಬೇಕು. ಇವತ್ತ ಏಳಾಕ ತಡಾ ಆಗೇತಿ, ಅದರ ಗಡಿಯಾರ ಇನ್ನೂ ಹಿಂದ ಐತಿ." ಗಡಿಯಾರವನ್ನು ಎಂಟು ನಿಮಿಷ ಹಿಂದೆ ಸರಿಸಿದ. 2:41. ಮತ್ತೆ ಒತ್ತಿದ.

ಅದೀನಿ 4968

ಫಕೀರೇಶ ಮತ್ತೊಮ್ಮೆ ಕರೆದ. ಅದೀನಿ. ಮತ್ತೊಮ್ಮೆ. ಅದೀನಿ. ದೇಚಮ್ಮ ಎದ್ದು ಪರದೆಯ ಹತ್ತಿರ ಬಂದು ಆ ಸಾಲನ್ನು ಓದಿ, ಫೋನು ಎತ್ತಿದರು.

"ಕೈ ಮುಚ್ಚಬೇಡಿ. ಹೌದು, ಜೀರಂಗಿ. ಹಿಂದೆ ಸರೀರಿ. ಬದುಕಿದೆ."

ಗೋಡೆಯ ಪರದೆಯಲ್ಲಿ ಎರಡು ಕೈಗಳು ಒಂದು ಕ್ಷಣ ಹಾಗೇ ನಿಂತು, ಆಮೇಲೆ ಮೆಲ್ಲಗೆ ಹಿಂದಕ್ಕೆ ಮಡಿಚಿಕೊಂಡವು. ಹಸಿರು ಡಬ್ಬಿ ಮತ್ತೆ ಚುಕ್ಕಿಯಾಯಿತು. ಯಮನೂರ ಮಾಳಿಗೆಯ ಮೇಲೆ ಆಂಟೆನಾ ಹಿಡಿದಿದ್ದ. ಸುದ್ದಿ ಕೇಳಿ ಅವನು ಹೊಡೆದ ಸಿಳ್ಳೆ ಹಾಸ್ಟೆಲ್ಲಿನವರೆಗೂ ಕೇಳಿಸಿತು.

"ತಡಿರಿ, ಇನ್ನೂ ಬರಾಕತ್ತೈತಿ," ಅಂದಳು ನೀಲಾ.

ಪರದೆಯ ಮೇಲೆ ಸಾಲುಗಳು ಒಂದರ ಹಿಂದೊಂದು ಬೀಳತೊಡಗಿದವು. ಹನ್ನೊಂದು ತಿಂಗಳ ಹಿಂದೆ ಹೊತ್ತುಕೊಂಡು ಮುಟ್ಟಿಸಲಾಗದೆ ಉಳಿದ ಸಂದೇಶಗಳು. ಐದು ಸಾವಿರ ಸಲ ಸತ್ತು ಎದ್ದರೂ ಜೀರಂಗಿ ಅವನ್ನು ಚೆಲ್ಲಿರಲಿಲ್ಲ. ದಾವಲ್ ದನಿ ಎತ್ತಿ ಓದಿದ. 'ಕರೀ ಕುರಿ ಎರಡು ಮರಿ ಹಾಕೇತಿ.' 'ಇಲ್ಲಿ ಮೇವು ಐತಿ, ಎಂಟು ದಿನ ಇರ್ತೀವಿ.' 'ಅವ್ವಗ ಹೇಳ್ರಿ, ಕಾಲು ಆರಾಮ ಆತು.' ಕೊನೆಯದನ್ನು ಎರಡು ಸಲ ಓದಿದ. 'ಮುಟ್ಟಿದ್ರ ಹೇಳ್ರಿ.'

"ಮುಟ್ಟೇತಿ ಅಂತ ಹೇಳು," ಅಂದ ಫಕೀರೇಶ. "ಮೂವತ್ತೊಂದು ಮಂದಿ ಅದಾರ. ಎಲ್ಲರಿಗೂ ಹೇಳು."

ಅಷ್ಟರಲ್ಲಿ ಅವನು ಇನ್ನೊಂದು ಆಜ್ಞೆ ಬರೆದಿದ್ದ: ಇನ್ನು ಮುಂದೆ ಎದ್ದಾಗ ಗಡಿಯಾರ ನೋಡಬೇಡ, ಮೊದಲು ನಮ್ಮನ್ನು ಕೇಳು. ಬ್ಯಾಟರಿ ಇಲ್ಲದಿದ್ದರೂ ಹಗಲಿನ ಕುರಿಗಾರರಿಗೆ ಹಗಲಿನ ಉಪಗ್ರಹ ಸಾಕು.

ದೇಚಮ್ಮ ಕುಂದರಗಿಯವರ ಮುಂದಿದ್ದ ವಿಲೇವಾರಿ ಪತ್ರ ತೆಗೆದು ಎರಡಾಗಿ ಹರಿದರು. "ಬ್ಯಾಟರಿ ಖರೀದಿಯ ಕಡತ ನಾಳೆ ಬೆಳಿಗ್ಗೆ ನನಗೆ ಬೇಕು," ಅಂದರು. "ಈ ಲ್ಯಾಬಿನ ತಂತ್ರಾಂಶದ ಕಡತವೂ. ಯಾರು ಕೊಳ್ಳಬೇಕಿತ್ತು ಅನ್ನೋದು ಅದರಲ್ಲಿ ಇರತ್ತಲ್ಲ." ಕುಂದರಗಿ ಪೆನ್ನಿನ ಮುಚ್ಚಳ ಹಾಕಿದರು, ಅದು ಸರಿಯಾಗಿ ಕೂರಲಿಲ್ಲ.

ಆಮೇಲೆ ದೇಚಮ್ಮ ದಾಖಲೆ ಪುಸ್ತಕ ತೆರೆದರು. ಉಪಗ್ರಹವನ್ನು ಎಬ್ಬಿಸಿದವರ ಹೆಸರು, ವಿದ್ಯಾರ್ಹತೆ, ತಾರೀಖು, ವೇಳೆ, ಸಹಿ.

"ವಿದ್ಯಾರ್ಹತೆ ಏನು ಬರೀಲಿ?"

"ಒಂಬತ್ತನೇ ಇಯತ್ತೆ," ಅಂದ ಫಕೀರೇಶ. "ಅದನ್ನ ದೊಡ್ಡ ಅಕ್ಷರದಾಗ ಬರೀರಿ."

ಅವರು ಬರೆದರು, ದೊಡ್ಡದಾಗಿಯೇ. ಪುಸ್ತಕವನ್ನು ಅವನ ಕಡೆ ತಿರುಗಿಸಿದರು. ಫಕೀರೇಶ ಪೆನ್ನು ಹಿಡಿದು ಗೋಡೆ ನೋಡಿದ. ಅಲ್ಲಿ ನವೆಂಬರ್, ಮೂರು ಮೂವತ್ತೊಂದು. ಎದುರಿನ ಪರದೆ ನೋಡಿದ. ಅಲ್ಲಿ ಜೂನ್ ಹನ್ನೊಂದು, ಎರಡು ಐವತ್ತು.

"ಯಾವ ತಾರೀಖು ಹಾಕಲಿರಿ?"

"ನಿಮ್ಮ ಜೀರಂಗಿ ಯಾವುದರಲ್ಲಿದೆ?"

ಅವನು ಬಗ್ಗಿ, ಅವಸರವಿಲ್ಲದೆ, ಪ್ರೆಸ್ಸಿನಲ್ಲಿ ಬರೆಯುವ ಹಾಗೇ ಬರೆದ.

ಓಡಲಿ. ಜೂನ್ 11, ಮಧ್ಯಾಹ್ನ 2:50. ಫಕೀರೇಶ.